ಕುಂದಗೋಳದ ಮೂರು ರಾಗಗಳು

1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಮನೆಗೆ ಸಂಗೀತ ಕಲಿಯಲು ಬಂದಾಗ ಗದಗಿನ ಭೀಮಸೇನ ಜೋಶಿಗೆ ಹದಿನಾಲ್ಕು ವರ್ಷ. ಅದಕ್ಕೆ ಮೂರು ವರ್ಷ ಮೊದಲು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಗ್ರಾಮಫೋನ್ ಪ್ಲೇಟು ಕೇಳಿ ಹುಚ್ಚು ಹಿಡಿಸಿಕೊಂಡು ಮನೆ ಬಿಟ್ಟ ಹುಡುಗ ಅವನು. ಗ್ವಾಲಿಯರ್, ರಾಂಪುರ, ಜಲಂಧರ ಎಂದು ಗುರುವನ್ನು ಹುಡುಕುತ್ತ ಉತ್ತರ ಹಿಂದೂಸ್ತಾನವನ್ನೆಲ್ಲ ಅಲೆದಿದ್ದ. ಜಲಂಧರದಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು ಊರಿಗೆ ಮರಳಿ ಸವಾಯಿ ಗಂಧರ್ವರನ್ನೇ ಹಿಡಿಯುವಂತೆ ಬುದ್ಧಿ ಹೇಳಿದರು. ಹುಡುಕಿದ ಗುರು ಸ್ವಂತ ಸೀಮೆಯಲ್ಲೇ ಇದ್ದರು.

ಕುಂದಗೋಳದಲ್ಲಿ ಪಾಠ ತಕ್ಷಣ ಶುರುವಾಗಲಿಲ್ಲ. ನೀರು ಹೊರುವುದು, ಮನೆಗೆಲಸ, ಗುರುಗಳು ಹಾಡುವಾಗ ತಂಬೂರಿ ಹಿಡಿದು ಕೂರುವುದು, ಹೀಗೆ ತಿಂಗಳುಗಳು ಕಳೆದವು. ಆಮೇಲೆ ಆರಂಭವಾದ ತಾಲೀಮಿನಲ್ಲೂ ಗುರುಗಳು ಅವನಿಗೆ ಮುಖ್ಯವಾಗಿ ಕಲಿಸಿದ್ದು ಮೂರೇ ರಾಗ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಇಳಿಯುವಾಗ ಮುಲ್ತಾನಿ, ಸಂಜೆಗೆ ಪೂರಿಯಾ. ಹೀಗೆ ವರ್ಷಗಟ್ಟಲೆ.

ಮೂರು ರಾಗಗಳ ತಾಲೀಮು ಪಡೆದವರು ಮುಂದೆ ಆರು ದಶಕ ದೇಶವಿದೇಶಗಳಲ್ಲಿ ಎಷ್ಟೋ ರಾಗಗಳನ್ನು ಹಾಡಿದರು. ಧಾರವಾಡ ಸೀಮೆಯ ಸಂಗೀತಗಾರರಿಗೆ ಇದರಲ್ಲಿ ಒಗಟೇನೂ ಕಾಣುವುದಿಲ್ಲ. ಗುರು ರಾಗ ಕೊಡುವುದಿಲ್ಲ, ಗಳಾ, ಅಂದರೆ ಗಂಟಲು, ತಯಾರು ಮಾಡುತ್ತಾರೆ ಎಂಬುದು ಅಲ್ಲಿನ ಸಹಜ ತಿಳಿವಳಿಕೆ. ಇಂದಿನ ಮನಶ್ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಹಾಡುವ ಕೆಲಸವನ್ನು ಎಚ್ಚರದ ಮನಸ್ಸಿನ ಕೈಯಿಂದ ಬಿಡಿಸಿ ಸುಪ್ತ ಮನಸ್ಸಿನ ವಶಕ್ಕೆ ಒಪ್ಪಿಸುವ ಒಂದು ಪದ್ಧತಿ ಅದು. ಆ ಪದ್ಧತಿಯಲ್ಲಿ ಸ್ವರದ ಜೊತೆಗೆ ಇನ್ನೂ ಏನೇನೋ ಒಳಗೆ ಇಳಿಯುತ್ತಿತ್ತು. ವೇಳೆಯ ಭಾವನೆ, ಗುರುವಿನ ಭಯ, ಘರಾನೆಯ ಅಭಿಮಾನ, ಯಾವ ರಾಗ ಹಾಡಿದರೆ ಏನಾಗುತ್ತದೆ ಎಂಬ ನಂಬಿಕೆ ಎಲ್ಲವೂ ಅದೇ ಬಾಗಿಲಿನಿಂದ ಬಂದವು.

ಈ ಪದ್ಧತಿ ಧಾರವಾಡಕ್ಕೆ ಬಂದದ್ದು ಹೊರಗಿನಿಂದ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಜೋಡಿಸಿ ರೈಲು ಬಂತು. ಅದರ ಬೆನ್ನಿಗೇ ಮರಾಠಿ ನಾಟಕ ಕಂಪನಿಗಳು ಬಂದವು. ಮೈಸೂರಿನ ಅರಮನೆಗೆ ಹಾಡಲು ಹೊರಟ ಉತ್ತರದ ಗವಾಯಿಗಳಿಗೂ ಹುಬ್ಬಳ್ಳಿ-ಧಾರವಾಡ ದಾರಿಯ ತಂಗುದಾಣವಾಯಿತು. ಭಾಸ್ಕರಬುವಾ ಬಖಲೆ ಕೆಲಕಾಲ ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ ಈ ಭಾಗದ ಬೈಠಕ್ಕುಗಳಲ್ಲಿ ಮತ್ತೆ ಮತ್ತೆ ಹಾಡಿದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ನಾಟಕರಂಗದಲ್ಲಿ ಹೆಸರು ಮಾಡಿ, ಸವಾಯಿ ಗಂಧರ್ವ ಎಂಬ ಬಿರುದು ಹೊತ್ತು ಊರಿಗೆ ಮರಳಿದರು.

ತಾಲೀಮಿನ ಮೊದಲ ಮೆಟ್ಟಿಲು ಖರ್ಜದ ಸಾಧನೆ. ಬೆಳಗಿನ ಜಾವ ತಂಬೂರಿ ಶ್ರುತಿ ಮಾಡಿಕೊಂಡು ಮಂದ್ರ ಸಪ್ತಕದ ಒಂದೊಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿಯುವುದು. ಆಮೇಲೆ ಪಲ್ಟಾ. ಸರಿಗಮ, ರಿಗಮಪ, ಗಮಪಧ ಎಂದು ಒಂದೇ ಜೋಡಣೆಯನ್ನು ಏರಿಸಿ ಇಳಿಸಿ, ವಿಲಂಬದಿಂದ ದ್ರುತಕ್ಕೆ ಒಯ್ದು, ನಾಲಿಗೆ ತಾನಾಗಿ ಹೊರಳುವವರೆಗೆ ಸುತ್ತಿಸುವುದು. ಮೈಸೂರು ಕಡೆಯ ಕರ್ನಾಟಕ ಸಂಗೀತದಲ್ಲಿ ಇದೇ ಕೆಲಸವನ್ನು ಸರಳೆ, ಜಂಟಿ ವರಸೆ, ಅಲಂಕಾರಗಳು ಮೂರು ಕಾಲದಲ್ಲಿ ಮಾಡುತ್ತವೆ. ಆ ಪಾಠಕ್ರಮವನ್ನು ಸಂಪ್ರದಾಯ ಪುರಂದರದಾಸರ ಹೆಸರಿಗೆ ಸಲ್ಲಿಸುತ್ತದೆ. ಉತ್ತರದ ಉಸ್ತಾದರಲ್ಲಿ ಇನ್ನೊಂದು ಉಗ್ರ ರೂಪವಿತ್ತು. ಸೂಫಿಗಳ ನಲವತ್ತು ದಿನಗಳ ಏಕಾಂತವ್ರತದಿಂದ ಬಂದ ಚಿಲ್ಲಾ ಅದು. ನಲವತ್ತು ದಿನ ಹೊರಜಗತ್ತಿನ ಸಂಪರ್ಕ ಕಡಿದುಕೊಂಡು ಸಾಧನೆಗೆ ಕೂರುವುದು.

ಈ ತಾಲೀಮಿನಲ್ಲಿ ವಿವರಣೆಗೆ ಜಾಗ ಕಡಿಮೆ. ಗುರು ಹಾಡುತ್ತಾರೆ, ಶಿಷ್ಯ ಒಪ್ಪಿಸುತ್ತಾನೆ. ತಪ್ಪಾದರೆ ಗುರು ಮತ್ತೆ ಹಾಡುತ್ತಾರೆ. ಏನು ತಪ್ಪಾಯಿತೆಂದು ಹೇಳುವುದು ಅಪರೂಪ. ಹೊರಗಿನವರಿಗೆ ಇದು ವಿದ್ಯೆಯ ಜಿಪುಣತನದಂತೆ ಕಾಣುತ್ತಿತ್ತು, ಕೆಲವೊಮ್ಮೆ ಅದು ನಿಜವೂ ಆಗಿತ್ತು. ತಮ್ಮ ಚೀಜುಗಳನ್ನು, ಅಂದರೆ ಬಂದಿಶ್‌ಗಳನ್ನು, ಬೇರೆಯವರು ಕದ್ದಾರೆಂದು ಕಾಯ್ದುಕೊಳ್ಳುತ್ತಿದ್ದ ಉಸ್ತಾದರ ಕತೆಗಳು ಎಲ್ಲ ಘರಾನೆಗಳಲ್ಲೂ ಇವೆ. ವಿಷ್ಣು ನಾರಾಯಣ ಭಾತಖಂಡೆ ಬಂದಿಶ್‌ಗಳನ್ನು ಸಂಗ್ರಹಿಸಿ ಸ್ವರಲಿಪಿ ಹಾಕಿ ಅಚ್ಚು ಹಾಕಿಸಲು ಹೊರಟಾಗ ಎದುರಾದದ್ದೂ ಇದೇ ಬಿಗಿಮುಷ್ಟಿ.

ಆದರೆ ಕುಂದಗೋಳದ ಮೂರು ರಾಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ಪದ್ಧತಿಯೊಳಗಿನ ಜಾಣತನ ಕಾಣುತ್ತದೆ. ಹಿಂದೂಸ್ತಾನಿಯ ತೋಡಿ ಮತ್ತು ಮುಲ್ತಾನಿಗಳ ಸ್ವರಗಳು ಒಂದೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಕರ್ನಾಟಕ ಸಂಗೀತ ಬಲ್ಲವರಿಗೆ ಇವು ಶುಭಪಂತುವರಾಳಿಯ ಸ್ವರಗಳು. ತೋಡಿಯಲ್ಲಿ ರಿಷಭ, ಗಾಂಧಾರ, ಧೈವತಗಳ ಮೇಲೆ ಭಾರ ಹಾಕಿ ನಡೆಯಬೇಕು. ಮುಲ್ತಾನಿಯಲ್ಲಿ ಏರುವಾಗ ರಿಷಭ-ಧೈವತಗಳನ್ನು ಮುಟ್ಟುವಂತಿಲ್ಲ. ಮಂದ್ರ ನಿಷಾದದಿಂದ ಎದ್ದು ಗಾಂಧಾರ-ಮಧ್ಯಮಗಳನ್ನು ಹಿಡಿದು ಪಂಚಮಕ್ಕೆ ಹೋಗಬೇಕು, ಇಳಿಯುವಾಗ ಮಾತ್ರ ಆ ಎರಡನ್ನೂ ಸೋಕಬೇಕು. ಬೆಳಿಗ್ಗೆಯೆಲ್ಲ ತೋಡಿಯಲ್ಲಿ ಹೊರಳಿದ ಗಂಟಲು ಮಧ್ಯಾಹ್ನ ಮುಲ್ತಾನಿಯಲ್ಲಿ ಜಾರದೆ ಇರಬೇಕಾದರೆ ಸ್ವರಗಳ ಪಟ್ಟಿ ತಿಳಿದಿದ್ದರೆ ಸಾಲದು. ಸಂಜೆಯ ಪೂರಿಯಾದಲ್ಲಿ ಪಂಚಮವೇ ಇಲ್ಲ. ಅದರ ಸ್ವರಗಳೇ ಮಾರವಾ, ಸೋಹನಿಗಳಿಗೂ. ಮಂದ್ರದಲ್ಲಿ ತಂಗಿ ಗಾಂಧಾರ-ನಿಷಾದ ಹಿಡಿದರೆ ಪೂರಿಯಾ, ರಿಷಭ-ಧೈವತಕ್ಕೆ ಒತ್ತು ಕೊಟ್ಟರೆ ಮಾರವಾ, ತಾರ ಷಡ್ಜದ ಸುತ್ತ ಆಡಿದರೆ ಸೋಹನಿ.

ದ್ರುತ ಲಯದ ತಾನ ಹಾಡುವಾಗ ಇದನ್ನೆಲ್ಲ ಯೋಚಿಸಿ ನಿರ್ಧರಿಸಲು ಯಾರಿಗೂ ಸಮಯವಿಲ್ಲ. ಯೋಚನೆ ಸ್ವರಕ್ಕಿಂತ ನಿಧಾನ. ರಾಗದ ಮೇರೆ ಗಂಟಲಿಗೇ ಗೊತ್ತಿರಬೇಕು. ಹೀಗೆ ಮೂರು ರಾಗಗಳಲ್ಲಿ ಮೇರೆ ಕಾಯುವುದನ್ನು ಕಲಿತ ಗಂಟಲು ನಾಲ್ಕನೆಯದರ ಮೇರೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಗಂಟಲಿಗೆ ಗೊತ್ತಿರುವುದು ಬೇರೆ, ಮನಸ್ಸಿಗೆ ನೆನಪಿರುವುದು ಬೇರೆ ಎಂಬುದಕ್ಕೆ 20ನೇ ಶತಮಾನದ ವೈದ್ಯವಿಜ್ಞಾನ ಅನಿರೀಕ್ಷಿತ ಸಾಕ್ಷಿ ಒದಗಿಸಿತು. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ 1985ರಲ್ಲಿ ಮೆದುಳಿನ ಸೋಂಕಿಗೆ ತುತ್ತಾದರು. ಅಂದಿನಿಂದ ಅವರಿಗೆ ಯಾವ ಹೊಸ ಸಂಗತಿಯೂ ಕೆಲವು ಕ್ಷಣಗಳಿಗಿಂತ ಹೆಚ್ಚು ಹೊತ್ತು ನೆನಪಿನಲ್ಲಿ ಉಳಿಯಲಿಲ್ಲ, ಹಿಂದಿನ ಬದುಕಿನ ಬಹುಭಾಗವೂ ಅಳಿಸಿಹೋಯಿತು. ಆದರೆ ಪಿಯಾನೊ ಮುಂದೆ ಕೂರಿಸಿದರೆ ನುಡಿಸುತ್ತಿದ್ದರು, ಗಾಯಕವೃಂದದ ಮುಂದೆ ನಿಲ್ಲಿಸಿದರೆ ನಡೆಸುತ್ತಿದ್ದರು. ಸಂಗೀತ ಕಲಿತ ಸಂಗತಿ ಮರೆತಿತ್ತು, ಸಂಗೀತ ಮರೆತಿರಲಿಲ್ಲ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಆಲೆನ್ ಬ್ರೌನ್ ಆರು ಮಂದಿ ಜಾಝ್ ಪಿಯಾನೊ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಚಿಕ್ಕ ಕೀಬೋರ್ಡ್ ಕೊಟ್ಟು ನುಡಿಸಲು ಹೇಳಿದರು. ಕಂಠಪಾಠದ ತುಣುಕು ಬಿಟ್ಟು ಮನೋಧರ್ಮಕ್ಕೆ ಇಳಿದಾಗ, ತನ್ನನ್ನು ತಾನು ಗಮನಿಸಿ ತಿದ್ದುವ ಮುಂದಲೆಯ ಪಾರ್ಶ್ವಭಾಗದ ಚಟುವಟಿಕೆ ತಗ್ಗಿತು. ಜಾಝ್ ಬೇರೆ, ಖಯಾಲ್ ಬೇರೆ. ಆದರೂ ಹಾಡುತ್ತ ಹಾಡುತ್ತ ತಾವು ಇಲ್ಲವಾಗುವ ಬಗ್ಗೆ ನಮ್ಮ ಗವಾಯಿಗಳು ಹೇಳುವ ಮಾತನ್ನು ಈ ಪ್ರಯೋಗ ಸುಮ್ಮನೆ ತಳ್ಳಿಹಾಕದಂತೆ ಮಾಡುತ್ತದೆ.

ಒಳಗೆ ಏನು ಇಳಿಯುತ್ತದೆ ಎಂಬುದರ ಮೇಲೆ ಎಚ್ಚರದ ಮನಸ್ಸಿಗೆ ಹಿಡಿತ ಕಡಿಮೆ ಎಂಬುದು ಹಳಬರಿಗೂ ತಿಳಿದಿತ್ತು. ಕಿರಾನಾ ಘರಾನೆಯ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅಬ್ದುಲ್ ಕರೀಂ ಖಾನರೇ ಅವರ ಹಾಡು ಕೇಳಲು ಬಂದದ್ದುಂಟು. ಮಗಳನ್ನು ಹಿಂದೂಸ್ತಾನಿಗೆ ಹಾಕಬೇಕೆಂದು ನಿರ್ಧಾರವಾದ ಮೇಲೆ ಆ ತಾಯಿ ಮಾಡಿದ ಕೆಲಸ ವಿಚಿತ್ರವಾದದ್ದು. ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ದಿನವೂ ಕಿವಿಗೆ ಬೀಳುವ ದಕ್ಷಿಣದ ಗಮಕ ಮಗಳ ಗಂಟಲಿಗೆ ಗೊತ್ತಿಲ್ಲದಂತೆ ಹತ್ತಿಬಿಡುತ್ತದೆ ಎಂಬ ಭಯ. ಪಾಠ ಹೇಳಿಕೊಡದಿದ್ದರೆ ಸಾಕು ಎಂದು ಅವರು ಅಂದುಕೊಳ್ಳಲಿಲ್ಲ. ಕೇಳಿಸುವುದೇ ಪಾಠ ಎಂದು ಬಲ್ಲವರಾಗಿದ್ದರು.

ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತ ಸವಾಯಿ ಗಂಧರ್ವರಲ್ಲಿ ಕಲಿತರು. ಮನೆ, ಮಕ್ಕಳು, ಸಾಲಸೋಲಗಳ ನಡುವೆ ವರ್ಷಗಟ್ಟಲೆ ನಡೆದ ಓಡಾಟವದು. ಒಂದೇ ಸ್ವರಸಮೂಹವನ್ನು ಹಿಡಿದು ದಿನಗಟ್ಟಲೆ ತಿರುವಿಸುತ್ತಿದ್ದ ಗುರುಗಳ ಕ್ರಮವನ್ನು ಅವರು ಇಳಿವಯಸ್ಸಿನವರೆಗೂ ನೆನೆಯುತ್ತಿದ್ದರು. ರಾಗವನ್ನು ಒಮ್ಮೆಗೇ ಸುರಿಯದೆ, ಸ್ವರ ಸ್ವರವಾಗಿ ಕಾದು ಬಿಚ್ಚುವ ಕಿರಾನಾ ಶೈಲಿಯ ತಾಳ್ಮೆ ಅವರ ಹಾಡಿಗೆ ಬಂದದ್ದು ಆ ತಿರುವಣಿಗೆಯಿಂದ.

ಅವರೊಳಗೆ ಇಳಿದಿದ್ದ ಇನ್ನೊಂದು ಸಂಗತಿಗೂ ಗುರುವಿಗೂ ಸಂಬಂಧವಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಆ ದಿನದ ಬಗ್ಗೆ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಊಟದ ಹೊತ್ತಿನ ಭಯ. ಜಾತಿಯ ಕಾರಣಕ್ಕೆ ತನ್ನನ್ನು ಬೇರೆ ಕೂರಿಸಿಯಾರು, ಎಂಜಲೆಲೆ ತೆಗೆಯಲು ಹೇಳಿಯಾರು ಎಂದು ಅವರು ಹೆದರಿದ್ದರು. ಮುಂದೆ ದೇಶವೇ ಗೌರವಿಸುವ ಗಾಯಕಿಯಾದ ಮೇಲೂ ಅವರು ಒಂದು ಮಾತನ್ನು ಬಿಡಲಿಲ್ಲ: ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಗಾಯಕಿಯರಾದ ಕೇಸರಬಾಯಿ, ಮೋಗುಬಾಯಿಯರು ಮಾತ್ರ ಕೊನೆಯವರೆಗೂ ‘ಬಾಯಿ’ಗಳೇ. ಸಭೆಯಲ್ಲಿ ಕೂತವರ ಮನಸ್ಸಿನ ಆಳದಲ್ಲೂ ಪೀಳಿಗೆಗಳ ತಾಲೀಮು ನಡೆದಿರುತ್ತದೆಂದು ಗೊತ್ತಿದ್ದವರ ಮಾತು ಅದು.

ಶಿಷ್ಯನ ಮನಸ್ಸನ್ನು ಹದಗೊಳಿಸಲು ಘರಾನೆಗಳಲ್ಲಿ ವಿಧಿಗಳೇ ಇದ್ದವು. ಗಂಡಾ ಕಟ್ಟುವ ದಿನ ಗುರು ಶಿಷ್ಯನ ಮುಂಗೈಗೆ ದಾರ ಕಟ್ಟಿ, ಬಾಯಿಗೆ ಕಡಲೆ-ಬೆಲ್ಲ ಇಟ್ಟು ಸ್ವೀಕರಿಸುತ್ತಾರೆ. ಅಂದಿನಿಂದ ಗುರುವಿನ ಹೆಸರು ಹೇಳುವಾಗ ಕೈ ತಾನಾಗಿ ಕಿವಿಯ ಹಾಲೆಗೆ ಹೋಗಬೇಕು. ಇಂದಿಗೂ ವೇದಿಕೆಯ ಮೇಲೆ ಮಾತಾಡುವ ಗಾಯಕರನ್ನು ನೋಡಿದರೆ ಆ ಕೈ ಎಷ್ಟು ಬೇಗ ಏಳುತ್ತದೆಂದು ತಿಳಿಯುತ್ತದೆ. ಪಲ್ಟಾದಂತೆಯೇ ಅದೂ ಅಭ್ಯಾಸದಿಂದ ಬಂದದ್ದು. ಮಾಡುವವರಿಗೆ ಮಾತ್ರ ಅದು ಭಕ್ತಿ.

ರಾಗಗಳ ಬಗೆಗಿನ ನಂಬಿಕೆಗಳು ಇನ್ನೂ ಆಳದಲ್ಲಿದ್ದವು. ದೀಪಕ್ ಹಾಡಿದರೆ ಮೈ ಸುಡುತ್ತದೆ ಎಂಬ ತಾನಸೇನನ ಕತೆಯಿಂದಾಗಿ ಎಷ್ಟೋ ಉಸ್ತಾದರು ಅದರ ತಂಟೆಗೇ ಹೋಗಲಿಲ್ಲ. ದಕ್ಷಿಣದಲ್ಲಿ ಆಹಿರಿಯ ಸರದಿ. ಬೆಳಿಗ್ಗೆ ಎದ್ದು ಆಹಿರಿ ಹಾಡಿದವರಿಗೆ ಆ ದಿನ ಊಟ ಹುಟ್ಟುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಅಮೃತವರ್ಷಿಣಿ ಹಾಡಿ ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದ ಬರದ ನೆಲಕ್ಕೆ ಮಳೆ ತರಿಸಿದ ಕತೆ ಸಂಗೀತದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ನೀಲಾಂಬರಿಗೆ ನಿದ್ದೆ ಬರುತ್ತದೆ ಎನ್ನುವುದನ್ನಂತೂ ಯಾರೂ ನಂಬಿಕೆ ಎಂದು ಕರೆಯುವುದೇ ಇಲ್ಲ. ತೊಟ್ಟಿಲ ಹಾಡುಗಳನ್ನು ಆ ರಾಗದಲ್ಲೇ ಕೇಳಿ ಬೆಳೆದವರಿಗೆ ಅದು ಅನುಭವ.

ಉತ್ತರದ ವೇಳೆಯ ಕಟ್ಟಳೆಯೂ ಇಂಥದ್ದೇ. ದಿನರಾತ್ರಿಗಳನ್ನು ಎಂಟು ಪ್ರಹರಗಳಾಗಿ ಭಾಗಿಸಿ ಪ್ರತಿಯೊಂದಕ್ಕೂ ರಾಗಗಳನ್ನು ಹಂಚುವ ರೂಢಿ ಹಳೆಯದು. ಭಾತಖಂಡೆ ಅದಕ್ಕೊಂದು ವ್ಯಾಕರಣ ಕೊಟ್ಟರು. ರಾಗದ ಮುಖ್ಯವಾದ ವಾದಿ ಸ್ವರ ಸಪ್ತಕದ ಕೆಳ ಅರ್ಧವಾದ ಪೂರ್ವಾಂಗದಲ್ಲಿದ್ದರೆ ಮಧ್ಯಾಹ್ನದಿಂದ ಮಧ್ಯರಾತ್ರಿಯ ರಾಗ, ಉತ್ತರಾಂಗದಲ್ಲಿದ್ದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದ ರಾಗ ಎಂದು ವಿಂಗಡಿಸಿದರು. ಇದಕ್ಕೆ ಅಪವಾದಗಳು ಬೇಕಾದಷ್ಟು. ಕರ್ನಾಟಕ ಸಂಗೀತದಲ್ಲಿ ಭೂಪಾಳದಂಥ ಕೆಲವು ರಾಗಗಳನ್ನು ಬಿಟ್ಟರೆ ಕಚೇರಿಯಲ್ಲಿ ವೇಳೆಯ ಕಟ್ಟು ಅಷ್ಟಿಲ್ಲ. ಅಂದಮೇಲೆ ಸ್ವರಗಳಿಗೇ ಸೂರ್ಯನ ಜೊತೆ ಸಂಬಂಧವಿದೆ ಎನ್ನುವುದು ಕಷ್ಟ.

ಆದರೂ ವೇಳೆ ತಪ್ಪಿ ರಾಗ ಹಾಡಿದರೆ ಗವಾಯಿಗಳಿಗೆ ಆಗುವ ಕಸಿವಿಸಿ ನಿಜವಾದದ್ದು. ದಿನವೂ ಬೆಳಿಗ್ಗೆ ತೋಡಿ, ಇಳಿಹೊತ್ತಿಗೆ ಮುಲ್ತಾನಿ, ಸಂಜೆ ಪೂರಿಯಾ ಹಾಡಿ ಬೆಳೆದ ಶಿಷ್ಯನ ಒಳಗೆ ತೋಡಿಯ ಜೊತೆಗೇ ಬೆಳಗಿನ ತಂಪು, ಏಳುತ್ತಿರುವ ಗಂಟಲಿನ ಬಿಗುವು ಸೇರಿಕೊಂಡಿರುತ್ತವೆ. 1975ರಲ್ಲಿ ಡಂಕನ್ ಗಾಡನ್ ಮತ್ತು ಅಲನ್ ಬ್ಯಾಡ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಮುಳುಗುಗಾರರಿಗೆ ಪದಗಳ ಪಟ್ಟಿ ಕಲಿಸಿ ನೋಡಿದರು. ನೀರಿನಡಿ ಕಲಿತದ್ದು ನೀರಿನಡಿಯಲ್ಲೇ ಹೆಚ್ಚು ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ಕಲಿತ ಜಾಗ ಕಲಿತ ವಿಷಯಕ್ಕೆ ಅಂಟಿಕೊಳ್ಳುವುದಾದರೆ ಕಲಿತ ಹೊತ್ತೂ ಅಂಟಿಕೊಂಡೀತು. ವೇಳೆಯ ನಂಬಿಕೆ ತಾಲೀಮಿನ ವೇಳಾಪಟ್ಟಿಯನ್ನು ರೂಪಿಸಿತು, ಆ ವೇಳಾಪಟ್ಟಿ ಪ್ರತಿ ಪೀಳಿಗೆಯಲ್ಲೂ ನಂಬಿಕೆಗೆ ಹೊಸ ಸಾಕ್ಷಿಗಳನ್ನು ತಯಾರಿಸಿತು.

ಈ ವೇಳೆಯ ಕಟ್ಟನ್ನು ಮೊದಲು ಅಲುಗಿಸಿದ್ದು ಯಂತ್ರಗಳು. ಮೂರು-ಮೂರೂವರೆ ನಿಮಿಷದ 78 ಆರ್‌ಪಿಎಂ ಪ್ಲೇಟಿನಲ್ಲಿ ಬೆಳಗಿನ ರಾಗವನ್ನು ರಾತ್ರಿಯೂ ತಿರುಗಿಸಬಹುದಿತ್ತು. 1935ರಲ್ಲಿ ಮೈಸೂರಿನ ಮನೆಯೊಂದರಿಂದ ‘ಆಕಾಶವಾಣಿ’ ಎಂಬ ಖಾಸಗಿ ರೇಡಿಯೊ ಕೇಂದ್ರ ಶುರುವಾಯಿತು. ಅದನ್ನು ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸಿನ ಅಧ್ಯಯನ ಮತ್ತು ಮನೆಮನೆಗೆ ಸಂಗೀತ ಮುಟ್ಟಿಸುವ ಸಾಹಸ ಒಬ್ಬರಲ್ಲೇ ಕೂಡಿದ್ದವು. 1950ರ ಜನವರಿಯಲ್ಲಿ ಧಾರವಾಡಕ್ಕೂ ಆಕಾಶವಾಣಿ ಬಂತು. ಸುತ್ತಮುತ್ತಲ ಹಳ್ಳಿಗಳ ಮಕ್ಕಳ ಕಿವಿಗೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿಯವರ ಸ್ವರ ಗುರುವಿನ ಮನೆಯ ನೀರು ಹೊರದೆಯೇ ಬೀಳತೊಡಗಿತು. ಧ್ವನಿಮುದ್ರಣ ಯಾವ ಹೊತ್ತಿಗೆ ನಡೆದರೂ ಪ್ರಸಾರದ ವೇಳೆಯಲ್ಲಿ ಮಾತ್ರ ಆಕಾಶವಾಣಿ ಪ್ರಹರಗಳನ್ನೇ ಪಾಲಿಸಿತು. ಬೆಳಿಗ್ಗೆ ಭೈರವ, ತೋಡಿ. ರಾತ್ರಿ ಬಿಹಾಗ್, ಬಾಗೇಶ್ರೀ. ಗುರುಗಳ ಮನೆಯ ವೇಳಾಪಟ್ಟಿ ಹೀಗೆ ಕೇಳುಗರ ಅಡುಗೆಮನೆಗೂ ಬಂತು.

ಒಮ್ಮೆ ಇಳಿದದ್ದನ್ನು ತೆಗೆದು ಬೇರೆಯದನ್ನು ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಮಲ್ಲಿಕಾರ್ಜುನ ಮನಸೂರರು ಉದಾಹರಣೆ. ಧಾರವಾಡದ ಹತ್ತಿರದ ಮನಸೂರು ಗ್ರಾಮದ ಈ ಹುಡುಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಾಗ ಮಿರಜದ ನೀಲಕಂಠಬುವಾ ಆಲೂರಮಠರ ಕಣ್ಣಿಗೆ ಬಿದ್ದು, ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತ. ಪ್ಲೇಟುಗಳು ಬಂದವು, ಹೆಸರೂ ಬಂತು. ಹೀಗೆ ತಯಾರಾದ ಗಾಯಕ ಇಪ್ಪತ್ತರ ಹರೆಯದಲ್ಲಿ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಅವರ ಜೈಪುರ-ಅತ್ರೌಲಿ ಘರಾನೆಯ ದಾರಿಯೇ ಬೇರೆ. ತಾಳದ ಪ್ರತಿ ಮಾತ್ರೆಯೊಳಗೂ ಹೆಣೆದುಕೊಂಡು ಸಾಗುವ ಆಲಾಪ, ಸುತ್ತಿ ಸುತ್ತಿ ಬರುವ ತಾನ, ಎರಡು ರಾಗಗಳನ್ನು ಬೆಸುಗೆ ಕಾಣದಂತೆ ಕೂಡಿಸುವ ಜೋಡುರಾಗಗಳು. ಮಂಜಿ ಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರು ತಾಲೀಮು ಮುಂದುವರಿಸಿದರು. ಮನಸೂರರ ಹಾಡಿನಲ್ಲಿ ಮೊದಲ ಗುರುವಿನ ಗ್ವಾಲಿಯರ್ ಸಂಸ್ಕಾರದ ನೆರಳನ್ನು ಜಾಣ ಕೇಳುಗರು ಗುರುತಿಸುವುದುಂಟು. ಆದರೆ ಶಿವಮತ್ ಭೈರವ, ಬಸಂತಿ ಕೇದಾರದಂಥ ಅಪರೂಪದ ರಾಗಗಳನ್ನು ಅವರು ಮೊದಲ ಸ್ವರದಿಂದಲೇ, ಹುಡುಕಾಟದ ಸುಳಿವಿಲ್ಲದೆ ಹಿಡಿಯುತ್ತಿದ್ದ ರೀತಿ ಎರಡನೆಯ ತಾಲೀಮು ಎಷ್ಟು ಆಳಕ್ಕೆ ಹೋಗಿತ್ತೆಂದು ತೋರಿಸುತ್ತಿತ್ತು.

ಗಂಗೂಬಾಯಿಯವರಿಗೆ ಬದಲಾವಣೆ ಶರೀರದ ಕಡೆಯಿಂದ ಬಂತು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಪ್ಲೇಟುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಅದು ಇಳಿದು, ಗಂಡುದನಿಯೆಂದು ಜನ ಬೆರಗಾಗುವಷ್ಟು ಭಾರವಾಯಿತು. ತಾರಸ್ಥಾಯಿಯಲ್ಲಿ ಆಡಿ ಬೆಳೆದ ಗಂಟಲಿಗೆ ಶ್ರುತಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಕಿರಾನಾ ಘರಾನೆಯ ಮಂದ್ರಪ್ರೀತಿಗೆ ಹೊಸ ದನಿ ಒಗ್ಗಿತು. ಇಂದು ಗಂಗೂಬಾಯಿ ಎಂದರೆ ಕೇಳುಗರಿಗೆ ನೆನಪಾಗುವುದು ಆ ಎರಡನೆಯ ದನಿಯೇ.

ಸುಪ್ತ ಮನಸ್ಸಿನ ಕೆಲಸ ಅತ್ಯಂತ ನಾಟಕೀಯವಾಗಿ ಕಂಡದ್ದು ಮಾತ್ರ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಮಕಾಳಿಮಠರ ಬದುಕಿನಲ್ಲಿ. ಅವರೇ ಕುಮಾರ ಗಂಧರ್ವ. ಪಾಠವಿಲ್ಲದೆಯೇ, ಪ್ಲೇಟಿನಲ್ಲಿ ಕೇಳಿದ ದಿಗ್ಗಜರ ಹಾಡನ್ನು ಅವರ ಉಸಿರಿನ ಸಮೇತ ಒಪ್ಪಿಸುತ್ತಿದ್ದ ಬಾಲಕ. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಅವನ ಹಾಡು ಕೇಳಿದ ಹಿರಿಯ ಸಂಗೀತಗಾರರೆಲ್ಲ ದಂಗಾದರು. ಗುರು ಬಿ.ಆರ್. ದೇವಧರರ ಶಾಲೆಯಲ್ಲಿ ಎದುರಾದ ಸವಾಲು ಕಲಿಸುವುದಕ್ಕಿಂತ ಹೆಚ್ಚಾಗಿ ಅನುಕರಣೆಯಿಂದ ಬಿಡಿಸುವುದು. ಬೇರೆಯವರ ದನಿಗಳೆಲ್ಲ ಒಳಗೆ ಸೇರಿಕೊಂಡಿದ್ದ ಹುಡುಗನಿಗೆ ತನ್ನದೇ ದನಿ ಸಿಗಬೇಕಿತ್ತು.

ಅದು ಸಿಕ್ಕಿದ್ದು ಹಾಡು ನಿಂತಾಗ. 1947ರಲ್ಲಿ ಕ್ಷಯ ತಗುಲಿತು. 1948ರ ಆರಂಭದಲ್ಲಿ ಮಾಳವಾದ ಒಣಹವೆಗೆಂದು ದೇವಾಸಕ್ಕೆ ಹೋದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು; ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಐದಾರು ವರ್ಷ ಅವರು ಹಾಸಿಗೆಯಲ್ಲಿ ಮಲಗಿ ಕೇಳಿದರು. ಬೀದಿಯಲ್ಲಿ ಹೋಗುವ ಹೆಂಗಸರ ಜಾನಪದ ಗೀತೆ, ಭಿಕ್ಷೆಗೆ ಬರುವ ನಾಥಪಂಥಿಗಳ ನಿರ್ಗುಣ ಭಜನೆ. ಗಂಟಲಿಗೆ ರಿಯಾಜು ಇಲ್ಲದ ಆ ಅವಧಿಯಲ್ಲಿ ಕಿವಿಯ ರಿಯಾಜು ಬಿಡದೆ ನಡೆದಿತ್ತು. ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು. 1950ರ ದಶಕದ ಆರಂಭದಲ್ಲಿ ವೇದಿಕೆಗೆ ಮರಳಿದವರು ಹಳೆಯ ಕುಮಾರ ಆಗಿರಲಿಲ್ಲ. ಉದ್ದುದ್ದ ಉಸಿರಿನ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಥಟ್ಟನೆ ಎರಗುವ ತಾರಸ್ವರ, ನಡುವೆ ಮೌನ. ಮಾಳವಾದ ಜಾನಪದ ಧಾಟಿಗಳಿಂದ ಮಾಲವತಿ, ಸಂಜಾರಿ, ಲಗನಗಾಂಧಾರ, ಅಹಿಮೋಹಿನಿಯಂಥ ರಾಗಗಳನ್ನು ಅವರು ಕಂಡುಕೊಂಡರು. ಧುನ್‌ನಿಂದ, ಅಂದರೆ ಧಾಟಿಯಿಂದ, ಉಗಮವಾದ ರಾಗಗಳು ಎಂದು ಅವುಗಳನ್ನು ಕರೆದರು. ತಾಲೀಮಿನ ಕಟ್ಟುನಿಟ್ಟಿನಲ್ಲಿ ನಂಬಿಕೆಯಿಟ್ಟ ಘರಾನೆದಾರರು ಇದನ್ನು ಒಪ್ಪಲು ಹಿಂದೆಮುಂದೆ ನೋಡಿದರು. ವರ್ಷಗಟ್ಟಲೆ ಹಾಡದೆ ಮಲಗಿದ್ದವನು ಹೊಸ ಗಾಯಕಿಯೊಂದಿಗೆ ಎದ್ದು ಬಂದದ್ದು ಅವರ ಲೆಕ್ಕಕ್ಕೆ ಸಿಗುವ ಸಂಗತಿಯಾಗಿರಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮ ಇದೇ ಕಿವಿಯ ದಾರಿಯನ್ನು ಅನಿವಾರ್ಯದಿಂದ ಹಿಡಿದಿತ್ತು. ಪಂಚಾಕ್ಷರಿ ಗವಾಯಿಗಳು ಕುರುಡರು. ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳು ಕುರುಡರು. ನೂರಾರು ಅಂಧ ಮಕ್ಕಳು ಅಲ್ಲಿ ಕಲಿತರು. ಸ್ವರಲಿಪಿಯ ಪುಸ್ತಕಕ್ಕೆ ಅಲ್ಲಿ ಕೆಲಸವಿರಲಿಲ್ಲ. ಕೇಳಿದ್ದು, ಹಾಡಿದ್ದು, ಮತ್ತೆ ಕೇಳಿದ್ದು ಇಷ್ಟೇ ಪಾಠ. ಪಂಚಾಕ್ಷರಿ ಗವಾಯಿಗಳ ಈ ಗರಡಿಯಿಂದಲೇ ಬಸವರಾಜ ರಾಜಗುರುಗಳು ಬಂದರು. ಖಯಾಲ್, ಠುಮ್ರಿ, ನಾಟ್ಯಗೀತೆ, ವಚನಗಳ ನಡುವೆ ಅವರು ಸಲೀಸಾಗಿ ಓಡಾಡುತ್ತಿದ್ದರು.

ಈಗ ಶಿಷ್ಯರ ಕೈಯಲ್ಲಿ ಮೊಬೈಲ್ ಇದೆ. ಗುರು ಹಾಡಿದ್ದನ್ನು ಅಲ್ಲೇ ಮುದ್ರಿಸಿಕೊಂಡು ಮನೆಯಲ್ಲಿ ಕೇಳಬಹುದು. ಮರೆತುಹೋದೀತೆಂಬ ಆತಂಕ ಹೋಯಿತು. ಆ ಆತಂಕದಲ್ಲಿ ಕಿವಿ ನೆಟ್ಟು ಕೂರುತ್ತಿದ್ದ ಗಮನವೂ ಹೋಯಿತೆಂದು ಹಳೆಯ ತಲೆಮಾರು ಹೇಳುತ್ತದೆ. ನೂರು ಸಲ ಕೇಳಲು ಸಿಗುವುದೇ ಲಾಭ ಎಂದು ಹೊಸಬರ ವಾದ.

ವೇಳೆಯ ನಂಬಿಕೆಗೆ ಬಂದ ಪೆಟ್ಟು ಮಾತ್ರ ಸಂಗೀತದ ಲೋಕದ ಹೊರಗಿನಿಂದ ಬಂದದ್ದು. ಗುರುಗಳ ನೆನಪಿಗೆ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಿಂದ ಬೆಳೆಸಿದ ಸವಾಯಿ ಗಂಧರ್ವ ಉತ್ಸವ ದಶಕಗಳ ಕಾಲ ಇಡೀ ರಾತ್ರಿ ನಡೆಯುತ್ತಿತ್ತು. ಮಾರುಬಿಹಾಗದಿಂದ ಹೊರಟ ಇರುಳು ದರಬಾರಿ, ಮಾಲಕೌಂಸಗಳನ್ನು ಹಾದು, ಲಲಿತ್, ಭೈರವಗಳಲ್ಲಿ ಬೆಳಗಾಗುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷೇಧಿಸಿದವು, 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಗೊಳಿಸಿತು. ಅಹೋರಾತ್ರಿ ಕಛೇರಿಗಳು ಕಂತುಗಳಾಗಿ ಒಡೆದವು. ದರಬಾರಿಯನ್ನು ಈಗ ಹಲವೆಡೆ ಒಂಬತ್ತು ಗಂಟೆಗೇ ಹಾಡಿ ಮುಗಿಸುತ್ತಾರೆ. ಲಲಿತ್ ಕೇಳಬೇಕಾದರೆ ಭಾನುವಾರದ ವಿಶೇಷ ಪ್ರಾತಃಕಾಲೀನ ಕಾರ್ಯಕ್ರಮಕ್ಕೆ ಕಾಯಬೇಕು. ನಡುರಾತ್ರಿಯ ಚಳಿಯಲ್ಲಿ ಶಾಲು ಹೊದ್ದು ದರಬಾರಿ ಕೇಳದ ಕೇಳುಗರ, ಹಾಗೆ ಹಾಡದ ಗಾಯಕರ ತಲೆಮಾರು ಈಗಾಗಲೇ ಬೆಳೆದು ನಿಂತಿದೆ. ಪಠ್ಯಪುಸ್ತಕಗಳಲ್ಲಿ ಮಾತ್ರ ಆ ರಾಗದ ಎದುರು ರಾತ್ರಿಯ ಮೂರನೆಯ ಪ್ರಹರ ಎಂಬ ನಮೂದು ಹಾಗೆಯೇ ಇದೆ. ಪರೀಕ್ಷೆಗೆ ಕೂರುವ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ.